ಅಕ್ಕನ ರೊಟ್ಟಿ, ಸಾಹುಕಾರನ ಕಾಡು

ಚಿಂಚೋಳಿ ಕಾಡಿನ ಚಿರತೆಗಳು ನನ್ನ ಕ್ರೂಸರಿನ ಹಾರ್ನ್ ಕೇಳಿದರೆ ಸಾಕು, ರಸ್ತೆ ಬಿಟ್ಟು ಪಕ್ಕಕ್ಕೆ ಸರಿದು ಬಾಲ ಮಡಚಿಕೊಂಡು ನಿಲ್ಲುತ್ತವೆ.

ಸುಳ್ಳು. ನನ್ನ ಹಾರ್ನಿಗೆ ಸೇಡಂ ರಸ್ತೆಯ ಎಮ್ಮೆ ಕೂಡ ಕಿವಿ ಅಲ್ಲಾಡಿಸುವುದಿಲ್ಲ. ಚಿರತೆಯನ್ನು ನಾನು ನೋಡಿದ್ದು ಕಾಡಿನ ದಾರಿಯ ಬೋರ್ಡಿನ ಮೇಲೆ ಮಾತ್ರ, ಅದರ ಮುಖಕ್ಕೂ ಯಾರೋ ಗುಟ್ಕಾ ಉಗುಳಿದ್ದರು. ಆದರೆ ಚಹಾ ಕುಡಿಯುತ್ತ ಕೇಳ್ರಿ, ಇನ್ನು ಮುಂದೆ ಹೇಳುವುದೆಲ್ಲ ಖರೆ. ಬಹಳ ಮಟ್ಟಿಗೆ ಖರೆ. ಹೊರಗಿನವರನ್ನು ಗಾಡಿಯಲ್ಲಿ ಹಾಕಿಕೊಂಡು, ನಮ್ಮ ಗುಡಿ ತೋರಿಸಿ, ನಮ್ಮ ಕಾಡು ತೋರಿಸಿ, ನಮ್ಮ ಅಡಿಗೆ ಉಣ್ಣಿಸುವ ಕೆಲಸ ಹಿಡಿದವನಿಗೆ ಇಂಥವು ತಪ್ಪಿದ್ದಲ್ಲ. ನಗಬೇಕೋ ಹಲ್ಲು ಕಡಿಯಬೇಕೋ ತಿಳಿಯದ ಹಾಗೆ ಒಂದಿಲ್ಲೊಂದು ಆಗುತ್ತಲೇ ಇರುತ್ತದೆ.

ಅಡಿಗೆ ಅಂದೆನಲ್ಲ, ಅದು ನಮ್ಮ ಅಕ್ಕನದು. ವಾಡಿ ಸ್ಟೇಷನ್ನಿನ ಎದುರಿಗೆ ಅವಳ ಖಾನಾವಳಿ. ಒಂದು ಕಾಲಕ್ಕೆ ರೈಲು ಬದಲಿಸುವ ಮಂದಿ ಬ್ಯಾಗನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಪುಂಡಿ ಪಲ್ಯ, ರೊಟ್ಟಿ ಉಂಡು, ಬೆರಳು ನೆಕ್ಕುತ್ತ ಪ್ಲಾಟ್‌ಫಾರ್ಮಿಗೆ ಓಡುತ್ತಿದ್ದರು. ಈಗ ಫೋನಿನಲ್ಲಿ ಬಿರಿಯಾನಿ ಹೇಳಿದರೆ ಸೀಟಿಗೇ ಬರುತ್ತದೆ. ಅಕ್ಕ ಒಲೆ ಹಚ್ಚಿ ಬಾಗಿಲು ನೋಡುತ್ತ ಕೂತಿರುತ್ತಾಳೆ. "ಉಣ್ಣವರಿಲ್ಲದ ಒಲಿ ಮುಂದ ಕುಂದ್ರೋದು, ಹೆಣದ ಮುಂದ ಕುಂತಂಗ ಆಗ್ತದೋ ತಮ್ಮಾ," ಅಂದಳು ಒಂದು ದಿನ.

ಆ ಹೊತ್ತಿಗೆ ಸಾಹುಕಾರನೊಬ್ಬ ಚಿಂಚೋಳಿ ಕಾಡಿನ ಅಂಚಿಗೆ ಪ್ರವಾಸಿಗಳಿಗೆಂದು ಕಾಟೇಜು ಕಟ್ಟಿಸಿ, ಮಂದಿಯನ್ನು ತಿರುಗಾಡಿಸಲು ನನ್ನ ಗಾಡಿ ಹಿಡಿದಿದ್ದ. ನಾನು ಅಕ್ಕನ ಮಾತು ತೆಗೆದೆ. ಅವನು ಬಾಯಲ್ಲಿದ್ದ ಹಲ್ಲುಕಡ್ಡಿಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ, "ನೋಡೋಣು. ಈ ಚಳಿಗಾಲ ದಾರ್ಯಾಗಿನ ಊಟ ನಿಮ್ಮಕ್ಕಂದೇ ಇರಲಿ. ಗೆಸ್ಟ್ ಮಂದಿ ಛಲೋ ಅಂದ್ರ ಕಾಟೇಜಿನ ಅಡಿಗಿಮನಿ ಆಕಿಗೇ. ಇಲ್ಲಂದ್ರ ಇಲ್ಲ," ಅಂದ.

ಅಕ್ಕ ಅವತ್ತೇ ಮೊರ ತಗೊಂಡು ಜೋಳ ಹಸನು ಮಾಡಲು ಕೂತಳು.

ಫರಸಿ ಕಲ್ಲಿನ ತಟ್ಟೆ

ಮೊದಲು ಬಂದವರು ದೊಡ್ಡ ಊರಿನ ಗಂಡ ಹೆಂಡತಿ. ಹೊಸ ಮನೆ ಕಟ್ಟಿಸುತ್ತಿದ್ದರಂತೆ, ನೆಲಕ್ಕೆ ಹಾಸುವ ಫರಸಿ ಕಲ್ಲು ನೋಡಬೇಕು ಅಂದರು. ಶಹಾಬಾದಿನಲ್ಲಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಅಡ್ಡೆಯೊಂದಕ್ಕೆ ಕರೆದೊಯ್ದೆ. ನೋಡುತ್ತ ನೋಡುತ್ತ ಊಟದ ಹೊತ್ತಾಯಿತು. ಅಲ್ಲೇ ಬೇವಿನ ಗಿಡದ ಕೆಳಗೆ ಡಬ್ಬಿ ಬಿಚ್ಚಿದೆ.

ಅಕ್ಕ ಕೊಟ್ಟದ್ದು ಕಡಕ್ ರೊಟ್ಟಿ. ಹಾಳೆಯಂತೆ ತೆಳ್ಳಗೆ ತಟ್ಟಿ, ಸುಟ್ಟು, ಒಣಗಿಸಿದ ಜೋಳದ ರೊಟ್ಟಿ. ತಿಂಗಳು ಇಟ್ಟರೂ ಕೆಡದು. ಆ ಗಂಡ ಒಂದು ರೊಟ್ಟಿ ಎತ್ತಿ, ಗೆಣ್ಣಿನಿಂದ ಬಡಿದು ನೋಡಿ, "ಇದು ಪ್ಲೇಟಾ?" ಅಂದ.

ಇಂಥ ಪ್ರಶ್ನೆ ಎದುರಿಗೆ ಬಂದಾಗ ದೇವರಾಣೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ಹೌದ್ರಿ," ಅಂದೆ. "ಇದೇ ಊರಿನ ಕಲ್ಲು. ತೆಳ್ಳಗ ಸೀಳಿರ್ತಾರ. ಸಾವಕಾಶ ಹಿಡೀರಿ, ಬಿದ್ದರ ಒಡೀತದ."

ಒಂದು ತುತ್ತು ಉಂಡರೆ ತಿಳಿಯುತ್ತದೆ, ಆಮೇಲೆ ಎಲ್ಲರೂ ನಗೋಣ ಅಂತ ನನ್ನ ಲೆಕ್ಕ. ಅವನು ಎಣ್ಣೆಗಾಯಿ, ಹಿಂಡಿ ಅಂತ ನಾವು ಕರೆಯುವ ಶೇಂಗಾ ಚಟ್ನಿಪುಡಿ, ಮೊಸರು ಎಲ್ಲ ಅದರ ಮೇಲೆ ಹಾಕಿಸಿಕೊಂಡ, ಚಮಚದಿಂದ ಕೆರೆದು ಕೆರೆದು ಉಂಡ, ಎದ್ದ, ನಳದ ಕೆಳಗೆ ಹಿಡಿದು ತಿಕ್ಕಿ ತೊಳೆದ. ತಿರುಗಿ ಬಂದಾಗ ಅವನ ಕೈಯಲ್ಲಿ ಒದ್ದೆ ಕರ್ಚೀಫಿನಂಥದು ಜೋತಾಡುತ್ತಿತ್ತು. ಅದನ್ನು ಕಂಡು ಅವನಿಗೆ ಕಲ್ಲಿನ ಮೇಲಿನ ನಂಬಿಕೆಯೇ ಹೋಯಿತು. "ನೀರು ಬಿದ್ದರೆ ಹೀಗಾಗೋ ಕಲ್ಲು ನಮ್ಮ ಮನೆಗೆ ಬೇಡಪ್ಪ," ಅಂತ ಹೆಂಡತಿಯನ್ನು ಕರಕೊಂಡು ಗಾಡಿ ಹತ್ತಿದ. ಅಡ್ಡೆಯವನು ಸುತ್ತಿಗೆ ಹಿಡಿದು ಹೊರಗೆ ಬಂದ. ಅವನು ಹುಡುಕುತ್ತಿದ್ದದ್ದು ನನ್ನನ್ನು.

ಸಂಜೆ ಸಾಹುಕಾರನ ಫೋನು ಬಂತು. "ಪಲ್ಯ ಛಲೋ ಇತ್ತಂತ. ಆದ್ರ ನಿಮ್ಮಕ್ಕ ಎಂಥಾಕಿನೋ? ಮಂದಿಗಿ ಒಂದು ರೊಟ್ಟಿನೂ ಕೊಡಲಿಲ್ಲಂತಲ್ಲ!"

ಗುಡಿಯ ಮೆಟ್ಟಿಲ ಮೇಲೆ

ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಇನ್ನೊಂದು ಜೋಡಿ ಬಂತು. ಚಿತ್ತಾಪುರದ ಕಡೆ ಭೀಮಾ ದಂಡೆಯ ಮೇಲೆ ದೇವಿಯ ಹಳೆಯ ಗುಡಿಗಳಿವೆ. ಅಂಥ ಒಂದಕ್ಕೆ ಕರೆದೊಯ್ದೆ. ಅಕ್ಕ ಅವತ್ತು ಮೈಮೇಲೆ ದೇವರು ಬಂದವಳಂತೆ ಅಡಿಗೆ ಮಾಡಿದ್ದಳು. ಸಜ್ಜೆ ರೊಟ್ಟಿ, ಬೆಣ್ಣೆ, ಶೇಂಗಾ ಹೋಳಿಗೆ, ಭಜ್ಜಿ. ನಮ್ಮ ಕಡೆ ಈ ಹಬ್ಬದ ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹೊಲದಲ್ಲಿ ಸಿಕ್ಕ ಹಸಿ ಕಾಳು, ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ ಗಟ್ಟಿ ಸಾರು. ವರ್ಷಕ್ಕೊಮ್ಮೆ ಆಗುವಂಥದು. "ಇದು ಉಂಡು ಯಾರರೆ ಹೆಸರಿಟ್ಟರ ನಾನು ಬಳಿ ತೊಡೋದು ಬಿಡ್ತೀನಿ," ಅಂತ ಕಳಿಸಿದ್ದಳು.

ತಪ್ಪು ಹುಡುಕಿ ಹೆಸರಿಡಲು ಮೊದಲು ಉಣ್ಣಬೇಕಲ್ಲ. ಆ ಹೆಂಡತಿ ಗುಡಿಯ ಮೆಟ್ಟಿಲ ಮೇಲೆ ಎಲ್ಲ ಸಾಲಾಗಿ ಜೋಡಿಸಿ ಫೋಟೋ ತೆಗೆಯಲು ನಿಂತಳು. ಮೇಲಿಂದ ತೆಗೆದಳು, ಬದಿಯಿಂದ ತೆಗೆದಳು. ಬೆಣ್ಣೆ ಕರಗಿತು ಅಂತ ಬೆಣ್ಣೆ ಬದಲಿಸಿದಳು.

"ಹಸಿವಾಗ್ತಿದೆ ಕಣೇ," ಅಂದ ಗಂಡ.

"ಕೈ ತೆಗೀರಿ, ನೆರಳು ಬೀಳುತ್ತೆ."

"ನೆರಳು ತಿನ್ನಲ್ಲ, ಹೋಳಿಗೆ ತಿಂತೀನಿ."

"ಮೋಡ ಸರೀಲಿ ಇರ್ರೀ!"

ಮೋಡ ಸರಿಯಿತು. ಅದರ ಜೊತೆಗೆ ಗೋಪುರದಿಂದ ಮುಸುವವೊಂದು ಇಳಿದು ಬಂತು. ಉದ್ದ ಬಾಲ, ಕರಿ ಮುಖ, ಯಾವುದೋ ನಿವೃತ್ತ ಹೆಡ್‌ಮಾಸ್ತರರ ಗತ್ತು. ಗಡಿಬಿಡಿ ಇಲ್ಲ. ಪಂಕ್ತಿಯಲ್ಲಿ ಕೂತಂತೆ ಕೂತು ಮೊದಲು ಹೋಳಿಗೆ ಮುಗಿಸಿತು, ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದಿಕೊಂಡು ತಿಂದಿತು, ಕೊನೆಗೆ ಬೋಗುಣಿಯನ್ನು ಮುಖಕ್ಕೆ ಹಿಡಿದು ನೆಕ್ಕಿತು. ಗಂಡ ಕಲ್ಲು ಹುಡುಕುತ್ತಿದ್ದ. ಹೆಂಡತಿ, "ಬೇಡ, ಬೇಡ, ಎಷ್ಟು ಚೆನ್ನಾಗಿ ಬರ್ತಿದೆ!" ಅಂತ ಅದರ ಫೋಟೋ ತೆಗೆಯುತ್ತಲೇ ಇದ್ದಳು.

ಅವಳು ಇಂಟರ್ನೆಟ್ಟಿಗೆ ಹಾಕಿದ ಆ ಫೋಟೋಕ್ಕೆ ಊರೂರಿನ ಮಂದಿ ಹೃದಯ ಕಳಿಸಿದರು. ಎಲ್ಲ ಮುಸುವಕ್ಕೆ. ಅಡಿಗೆ ಯಾರದು ಅಂತ ಒಬ್ಬರೂ ಕೇಳಲಿಲ್ಲ. ನಾನು ಫೋನು ತಂದು ಅಕ್ಕನಿಗೆ ತೋರಿಸಿದೆ. ಅವಳು ಸೆರಗಿನಿಂದ ಗಾಜು ಒರೆಸಿ ಬಹಳ ಹೊತ್ತು ನೋಡಿದಳು.

"ಬೋಗೋಣಿ ನೆಕ್ಕಿದಂವ ಇವನೊಬ್ಬನೇ," ಅಂದಳು. "ಸಾವ್ಕಾರ ಗೆಸ್ಟ್ ಛಲೋ ಅನಬೇಕು ಅಂದಾನಲ್ಲ, ಇವನಿಗೇ ಕರಕೊಂಡು ಹೋಗು."

ಕಾಡಿನಲ್ಲಿ ಕಟಕ್

ಚಳಿಗಾಲ ಮುಗಿಯುತ್ತ ಬಂತು. ಇನ್ನು ಮಂದಿಯ ಬಾಯಿ ನಂಬುವುದಿಲ್ಲ, ನಾನೇ ಉಂಡು ನೋಡಿ ತೀರ್ಮಾನ ಮಾಡುತ್ತೇನೆ ಅಂತ ಸಾಹುಕಾರ ಸ್ವತಃ ಗೆಸ್ಟುಗಳ ಜೊತೆ ಗಾಡಿ ಹತ್ತಿದ. ಅಕ್ಕ ಡಬ್ಬಿ ಕೊಡುವಾಗ ನನ್ನ ಕಿವಿ ಹಿಡಿದು, "ಇವತ್ತರೆ ನಿನ್ನ ಮಸ್ಕಿರಿ ಬದಿಗಿಡು," ಅಂದಿದ್ದಳು. ಇಟ್ಟೆ. ತಮಾಷೆ ಒಂದೂ ಮಾಡಲಿಲ್ಲ, ಬೇಕಾದರೆ ಸಾಕ್ಷಿ ಕರೆಸುತ್ತೇನೆ.

ಐನಾಪುರದ ಕಡೆಯ ತೊಗರಿ ಹೊಲ ದಾಟಿ, ಕಾಡು ಹೊಕ್ಕು, ಪ್ರಾಣಿ ನೋಡುವ ಅಟ್ಟಣಿಗೆ ಏರಿದೆವು. ಅಲ್ಲಿಯ ಕಾವಲುಗಾರ ವಯಸ್ಸಾದ ಚಾಚಾ. ತುಟಿಗೆ ಬೆರಳಿಟ್ಟು, "ಚುಪ್ ಕುಂದ್ರಿ. ಉಸಿರು ಸೈತ ಆಹಿಸ್ತಾ ಬಿಡ್ರಿ," ಅಂದ.

ಕೂತೆವು. ಪ್ರಾಣಿ ಬರಲಿಲ್ಲ, ಹಸಿವು ಬಂತು. ಡಬ್ಬಿ ಬಿಚ್ಚಿದೆ. ಕಡಕ್ ರೊಟ್ಟಿ, ಗುರೆಳ್ಳು ಹಿಂಡಿ. ಗೆಸ್ಟೊಬ್ಬ ಮೊದಲ ತುಂಡು ಕಚ್ಚಿದ.

ಕಟಕ್!

ಆ ನಿಶ್ಶಬ್ದದಲ್ಲಿ ಅದು ಕೊಂಬೆ ಮುರಿದಂತೆ ಕೇಳಿತು. ದೂರದಲ್ಲಿ ನವಿಲೊಂದು ಕೂಗಿ ಹಾರಿತು. ಚಾಚಾ ಕಣ್ಣು ಕೆಕ್ಕರಿಸಿದ. "ಅರೇ ಭಾಯಿ, ಬಾಯಾಗ ಇಟಗೊಂಡು ನೆನಸ್ರಿ. ಕಡೀಬ್ಯಾಡ್ರಿ!"

ಸರಿ, ಎಲ್ಲರೂ ಒಂದೊಂದು ತುಂಡು ಬಾಯಲ್ಲಿಟ್ಟು ನೆನೆಯಲು ಬಿಟ್ಟೆವು. ಒಬ್ಬರ ಕೆನ್ನೆ ಎಡಕ್ಕೆ ಉಬ್ಬಿತ್ತು, ಒಬ್ಬರದು ಬಲಕ್ಕೆ. ಸಾಹುಕಾರನದು ಎರಡೂ ಕಡೆ. ಹಲ್ಲು ಬೇನೆಯ ಮಂದಿ ದವಾಖಾನೆಯಲ್ಲಿ ಪಾಳಿ ಹಚ್ಚಿ ಕೂತಂತೆ ಕೂತಿದ್ದೆವು.

ಆಗ ಪೊದೆಯಿಂದ ಜಿಂಕೆಯೊಂದು ಹೊರಗೆ ಬಂತು. ಅದರ ಹಿಂದೆ ಕಾಲು ಇನ್ನೂ ಗಟ್ಟಿಯಾಗದ ಮರಿ. ನಾನು ಈ ಕಾಡಿಗೆ ಬರಲು ಶುರು ಮಾಡಿದಾಗಿನಿಂದ ಅಷ್ಟು ಹತ್ತಿರ ಏನನ್ನೂ ಕಂಡಿರಲಿಲ್ಲ. ಗೆಸ್ಟುಗಳ ಕಣ್ಣಲ್ಲಿ ನೀರು. ಸಾಹುಕಾರ ಸಂತೋಷದಲ್ಲಿ ಮೈಮರೆತು ಮೊಬೈಲ್ ಎತ್ತಿದ. ಬಾಯಲ್ಲಿದ್ದದ್ದು ಮರೆತ.

ಕಟಕ್!

ಜಿಂಕೆ ಇಲ್ಲ, ಮರಿ ಇಲ್ಲ. ಎಲ್ಲರೂ ಸಾಹುಕಾರನ ಮುಖ ನೋಡಿದರು. ಅವನು ರೊಟ್ಟಿ ನುಂಗಿ, ಡಬ್ಬಿಯ ಕಡೆ ಸಿಟ್ಟಿನಿಂದ ಬೆರಳು ಮಾಡಿ, "ಈ ಊಟ ಕಾಡಿಗಿ ಆಗಂಗಿಲ್ಲ. ಭಾಳ ಸಪ್ಪಳ ಮಾಡ್ತದ," ಅಂದ.

ಚಾಚಾ ಡಬ್ಬಿ ತನ್ನ ಕಡೆ ಎಳೆದುಕೊಂಡ. "ರೊಟ್ಟಿ ಡಬ್ಬಿದಾಗ ಸುಮ್ನೇ ಇತ್ತಲ್ಲ ಸೇಠ್. ನಿಮ್ಮ ಬಾಯಾಗ ಹೋದಮ್ಯಾಲ ಬಾಯಿ ಮಾಡ್ತು."

ಬರೇ ತಟ್ಟುವ ಕೆಲಸ

ಕಾಟೇಜಿನ ಅಡಿಗೆಮನೆಗೆ ದೂರದ ಊರಿನಿಂದ ಎತ್ತರದ ಟೋಪಿಯ ಅಡಿಗೆಯವನು ಬಂದ. ಅವನ ಜೊತೆಗೆ ರೊಟ್ಟಿ ಮಾಡುವ ಮಷಿನ್ನೂ ಬಂತು. ಅಕ್ಕನಿಗೆ ಹೇಳಿದೆ. ಅವಳು ಉರಿಯುತ್ತಿದ್ದ ಕಟ್ಟಿಗೆಯನ್ನು ಒಲೆಯಿಂದ ಹಿಂದಕ್ಕೆಳೆದು ನೀರು ಚಿಮುಕಿಸಿದಳು.

ಆಮೇಲೊಂದು ದಿನ ಸಾಹುಕಾರನೇ ಫೋನು ಮಾಡಿದ. "ನಿಮ್ಮಕ್ಕಗೂ ಒಂದು ಕೆಲಸ ಅದ. ಕರಕೊಂಡು ಬಾ." ಅಕ್ಕ ಟ್ರಂಕಿನಲ್ಲಿದ್ದ ಇಳಕಲ್ ಸೀರೆ ಉಟ್ಟಳು. ದಾರಿಯುದ್ದಕ್ಕೂ ಎಷ್ಟು ಮಂದಿಗೆ ಎಷ್ಟು ಹಿಟ್ಟು ಹಿಡಿಯುತ್ತದೆ ಅಂತ ತನ್ನಷ್ಟಕ್ಕೆ ತಾನೇ ಗುಣುಗುಣಿಸುತ್ತಿದ್ದಳು.

ಕಾಟೇಜಿನ ಗೇಟಿನ ಬದಿಗೆ ಹುಲ್ಲಿನ ಗುಡಿಸಲು ಹಾಕಿಸಿದ್ದ. ಒಳಗೆ ಸುಣ್ಣ, ಕೆಮ್ಮಣ್ಣು ಬಳಿದ ಚೆಂದದ ಒಲೆ. ಒಲೆಯ ಬಾಯಲ್ಲಿ ಬೆಂಕಿ ಇರಲಿಲ್ಲ. ಕೆಂಪು ಬಲ್ಬು ಮಿಣುಕುತ್ತಿತ್ತು.

"ಹೊಗಿ ಗೆಸ್ಟ್ ಮಂದಿ ಕಣ್ಣಿಗಿ ಬೀಳ್ತದ, ಅದಕ್ಕ ಬೆಂಕಿ ಬ್ಯಾಡ," ಅಂದ ಸಾಹುಕಾರ. "ನೀವು ಬರೇ ತಟ್ಟರಿ ಅಕ್ಕಾರ. ಮಂದಿ ವಿಡಿಯೋ ಮಾಡ್ಕೋತಾರ."

"ಸುಡೋದು?"

"ಬ್ಯಾಡ."

"ಉಣ್ಣಾಕ ನೀಡೋದು?"

"ಅದು ಒಳಗ ಮಷಿನಿಂದ ಬರ್ತದ. ನಿಮಗ ಒಂದು ಮುದ್ದಿ ಹಿಟ್ಟು ಸಾಕು. ತಟ್ಟೋದು, ಮುದ್ದಿ ಮಾಡೋದು, ಮತ್ತ ತಟ್ಟೋದು."

ಹಿಟ್ಟನ್ನು ಅವನ ಮುಖಕ್ಕೆ ಒಗೆಯುತ್ತಾಳೆ ಅಂತ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅಕ್ಕ ಕೂತಳು. "ಖಾಲಿ ಕುಂದ್ರೋದಕಿಂತ ಕೈಗಿ ಹಿಟ್ಟರೆ ಹತ್ತತದಲ್ಲೋ," ಅಂದಳು, ನನ್ನ ಮುಖ ನೋಡದೆ. ಬಂದವರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ ಫೋಟೋ ತೆಗೆಸಿಕೊಂಡರು. ಸಂಜೆಯ ಹೊತ್ತಿಗೆ ಹಿಟ್ಟು ಕಪ್ಪಾಗಿ ಬಿರುಕು ಬಿಡುತ್ತಿತ್ತು. ದಿನಾ ಹೀಗೇ.

ಒಂದು ಮಧ್ಯಾಹ್ನ ಸಾಹುಕಾರನ ಬೀಗರು ಗಾಡಿ ತುಂಬಿಕೊಂಡು ಬಂದರು. ಎಲೆ ಹಾಕಿದ್ದಾಯಿತು, ಪಲ್ಯ ಬಡಿಸಿದ್ದಾಯಿತು, ಅಷ್ಟರಲ್ಲಿ ಕರೆಂಟು ಹೋಯಿತು. ಮಷಿನ್ನು ನಿಂತಿತು. ಟೋಪಿಯವನು ಅದರ ಹೊಟ್ಟೆಗೆ ಕೈ ಹಾಕಿ ನಿಂತ. ಬೀಗರು ಪಲ್ಯ ನೋಡುತ್ತ ಕೂತರು. ಸಾಹುಕಾರ ಪಂಚೆ ಎತ್ತಿಕೊಂಡು ಗುಡಿಸಲಿಗೆ ಓಡಿ ಬಂದ.

"ಅಕ್ಕಾರ, ಮರ್ಯಾದಿ ಪ್ರಶ್ನಿ ಅದ! ಲಗೂನ ರೊಟ್ಟಿ ಮಾಡ್ರಿ!"

"ಮಾಡಾಕತ್ತೀನಲ್ರಿ," ಅಂದಳು ಅಕ್ಕ. ಹಿಟ್ಟು ನಾದಿದಳು. ತಟ್ಟಿದಳು. ಹುಣ್ಣಿಮೆ ಚಂದ್ರನಂಥ ರೊಟ್ಟಿ. ಅಂಗೈ ಮೇಲೆ ಎತ್ತಿ, ತಣ್ಣಗಿನ ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಳು.

"ಏನು ನೋಡ್ಕೋತ ಕುಂತೀರಿ? ಸುಡ್ರಿ!"

ಅಕ್ಕ ತಲೆ ಬಗ್ಗಿಸಿ ಒಲೆಯ ಬಾಯೊಳಗೆ ಇಣುಕಿದಳು. ತಲೆ ಎತ್ತಿದಳು.

"ಹೆಂಗ ಸುಡಲ್ರಿ ಸಾವ್ಕಾರ್ರ? ನಿಮ್ಮ ಒಲಿಗಿ ಕರೆಂಟ್ ಇಲ್ಲ."

ಕೈ ತೊಳೆದುಕೊಂಡು ಬಂದು ನನ್ನ ಗಾಡಿ ಹತ್ತಿದಳು. ಈಗ ಆ ಗುಡಿಸಲಲ್ಲಿ ಒಂದು ಗೊಂಬೆ ಕೂರಿಸಿದ್ದಾರೆ. ಬಟನ್ ಒತ್ತಿದರೆ ತಟ್ಟುತ್ತದೆ. ಎದುರು ಮಾತಾಡುವುದಿಲ್ಲ. ಅಕ್ಕ ವಾಡಿಯಲ್ಲೇ ಇದ್ದಾಳೆ, ಒಲೆ ಹಚ್ಚುತ್ತಾಳೆ, ಬಾಗಿಲು ನೋಡುತ್ತಾಳೆ. ಉಣ್ಣುವವನು ನಾನೊಬ್ಬ.

ಯಾಕ್ರಿ, ನಗು ನಿಂತೇಬಿಡ್ತಲ್ಲ? ಇರಲಿ. ಚಹಾದ ರೊಕ್ಕ ನೀವೇ ಕೊಟ್ಟುಬಿಡ್ರಿ.