ಎನ್‌ಪಿಸಿ ಚಲಪತಿ

"ನಮ್ಮಪ್ಪ ಪಕ್ಕಾ ಎನ್‌ಪಿಸಿ ಕಣೇ!"

ಮಗಳು ಮಹತಿ ಫೋನಿನಲ್ಲಿ ಗೆಳತಿಗೆ ಹೇಳಿದ ಈ ಮಾತು ತಿಂಡಿಗೆ ಕೂತಿದ್ದ ಚಲಪತಿಯವರ ಕಿವಿಗೆ ಬಿತ್ತು. ಪಿಸಿ ಎಂದರೆ ಪೊಲೀಸ್ ಪೇದೆ. ಈ ಎನ್‌ಪಿಸಿ ಯಾವ ಹುದ್ದೆಯೋ! ಯಾಕೋ ಇಡ್ಲಿ ಮುಟ್ಟಲು ಮನಸ್ಸಾಗಲಿಲ್ಲ. ತಟ್ಟೆ ಸರಿಸಿ ಎದ್ದರು.

ನಗರಸಭೆ ಕಚೇರಿಯಲ್ಲಿ ಸಹೋದ್ಯೋಗಿ ಸುನೀಲ್‌ಕುಮಾರ್‌ನನ್ನು ಕೇಳಿದರು.

"ಗೇಮ್‌ನಲ್ಲಿ ದಾರಿ ಪಕ್ಕ ನಿಂತಿರ್ತಾವಲ್ಲ ಸಾರ್, ಕಂಪ್ಯೂಟರ್ ಮನುಷ್ಯರು. ಯಾರು ಬಂದ್ರೂ ಅದೇ ಮುಖ, ಅದೇ ಮಾತು. ಒಳಗೇನೂ ಇರಲ್ಲ."

ಒಳಗೇನೂ ಇಲ್ಲವಂತೆ! ಹೆಂಡತಿ ಪಂಕಜ ತೀರಿಕೊಂಡ ಮೇಲೆ ಚಲಪತಿ ಯಾರನ್ನು ಕಂಡರೂ "ಊಟ ಆಯ್ತಾ?" ಎನ್ನುವುದೊಂದೇ, ನಿಜ. ಪಾಪ, ಬೇರೆ ಮಾತಿಗೆ ಬಾಯಿ ತೆರೆದರೆ ಅಳು ಬರುತ್ತಿತ್ತು. ಅದು ಮಗಳಿಗೆ ಹೇಗೆ ಗೊತ್ತಾಗಬೇಕು? ಇವತ್ತು ಮನುಷ್ಯರ ಹಾಗೆ ನಾಲ್ಕು ಮಾತಾಡಿ ಅಭ್ಯಾಸ ಮಾಡಿಕೊಂಡು, ಸಂಜೆ ಮಗಳ ಹತ್ತಿರ ಮನಸ್ಸು ಬಿಚ್ಚಲೇಬೇಕು ಎಂದುಕೊಂಡರು.

"ಬಯ್ಯಪ್ಪ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಾ?"

ಟೀ ಅಂಗಡಿಯ ಬಯ್ಯಪ್ಪ ಹಾಲು ಉಕ್ಕಿಸಿಬಿಟ್ಟ. "ಯಾಕ್ ಸಾರ್, ಯಾರಾದ್ರೂ ಕಂಪ್ಲೇಂಟ್ ಕೊಟ್ರಾ?"

ಸಂಜೆ ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದರು. "ಅನಸೂಯಮ್ಮೋರೇ, ನೀವು ಸುಖವಾಗಿದ್ದೀರಾ?"

ಬಕೆಟ್ಟು ದಡಕ್ಕೆಂದು ಬಿತ್ತು. "ಅಯ್ಯೋ ದೇವುಡಾ! ಸಾಯೋಕ್ ಮುಂಚೆ ನಮ್ಮ ಯಜಮಾನ್ರೂ ಹಿಂಗೇ ಕೇಳಿದ್ರು!"

ಚಿಂತಾಮಣಿಯ ಆ ಬೀದಿಗೆ ಅಷ್ಟು ಸಾಕಾಯಿತು. ಚಲಪತಿಯನ್ನು ಕುರ್ಚಿಗೆ ಒತ್ತಿ ಕೂರಿಸಿದರು. ಒಬ್ಬರು ಶುಗರ್ ಎಂದರು, ಇನ್ನೊಬ್ಬರು ಗಾಳಿ ಎಂದು ನಿಂಬೆಹಣ್ಣು ನಿವಾಳಿಸಿದರು.

"ನಂಗೇನೂ ಆಗಿಲ್ಲ, ಸುಮ್ನೆ ಮಾತಾಡ್ದೆ ಅಷ್ಟೇ!"

"ನೋಡಿದ್ರಾ, ಇನ್ನೂ ಮಾತಾಡ್ತಾನೇ ಅವ್ರೆ!" ಎಂದರು ಅನಸೂಯಮ್ಮ.

ಮಹತಿ ಕಾಲೇಜಿನಿಂದ ಓಡಿಬಂದು ತಂದೆಯ ಕೈ ಹಿಡಿದುಕೊಂಡಳು. "ಅಮ್ಮನ ಥರ ನೀನೂ ಹೋಗ್ಬೇಡಪ್ಪ! ಮೊದ್ಲು ಹೆಂಗಿದ್ಯೋ ಹಂಗೇ ಇರಪ್ಪ!"

ಹೇಳಬೇಕಾದದ್ದೆಲ್ಲ ಚಲಪತಿಯ ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಅಳುವೂ ಬಂತು. ಹೆದರಿದ ಮಗಳ ಮುಖ ನೋಡಿ ಎರಡನ್ನೂ ನುಂಗಿಕೊಂಡರು.

"ಊಟ ಆಯ್ತಾ?" ಎಂದರು.

"ಅಬ್ಬಾ, ಸರಿಹೋದ್ರು!" ಎಂದು ಬೀದಿಗೆ ಬೀದಿಯೇ ನಿಟ್ಟುಸಿರುಬಿಟ್ಟು ಚದುರಿತು.

"ಆಯ್ತಪ್ಪ," ಎಂದು ಮಹತಿ ಕಣ್ಣೊರೆಸಿಕೊಂಡು ಫೋನು ಹಿಡಿದು ಒಳಗೆ ಹೋದಳು. "ಏನೂ ಇಲ್ಲ ಕಣೇ, ಅಪ್ಪ ಮತ್ತೆ ಎನ್‌ಪಿಸಿ ಆದ್ರು. ದೇವ್ರು ದೊಡ್ಡೋನು!"

ಚಲಪತಿ ಕುರ್ಚಿಯಲ್ಲೇ ಕೂತಿದ್ದರು. ಬೆಳಗಿನಿಂದ ಅವರ ಹೊಟ್ಟೆಗೆ ಒಂದು ತುತ್ತೂ ಬಿದ್ದಿರಲಿಲ್ಲ. ಅದನ್ನು ಕೇಳುವವರು ಮಾತ್ರ ಯಾರೂ ಇರಲಿಲ್ಲ.