ಅತ್ತೆಯ ಅರ್ಜಿಗಳೂ ಪಕ್ಕದ ಮನೆಯ ಒಪ್ಪಿಗೆಯೂ

ನನ್ನ ಸೋದರತ್ತೆ ಮೂಗಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಹೊಳೆನರಸೀಪುರದ ಅವರ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಒಂದೆರಡು ತಿಂಗಳಾದರೂ ಹಾಗೆಂದೇ ತಿಳಿದುಕೊಂಡಿರುತ್ತಿದ್ದರು. ನುಗ್ಗೇಹಳ್ಳಿ, ಹರದನಹಳ್ಳಿ ಎಂದು ಊರೂರು ಸುತ್ತಿ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರಿಗೆ ಮಾತು ಬಾರದೆ ಇರುತ್ತದೆಯೇ? ಬರುತ್ತಿತ್ತು. ಆದರೆ ಮಕ್ಕಳಿಗೆ ಮಾತು, ದೊಡ್ಡವರಿಗೆ ಅರ್ಜಿ ಎಂಬುದು ಅವರ ನಿಯಮವಾಗಿತ್ತು.

ಹಾಲು ತೀರಾ ನೀರಾದಾಗ ಬೇರೆ ಹೆಂಗಸರು ಬಾಗಿಲಲ್ಲಿ ನಿಂತು ಜಗಳ ತೆಗೆಯುತ್ತಾರೆ. ಅತ್ತೆ ಒಳಗೆ ಹೋಗಿ ಒಂದು ಹಾಳೆಯಲ್ಲಿ ‘ವಿಷಯ: ಹಾಲಿಗೆ ಬೆರೆಸುವ ನೀರನ್ನು ಮಿತಗೊಳಿಸುವ ಬಗ್ಗೆ’ ಎಂದು ಬರೆದು, ಸಹಿ ಹಾಕಿ, ಹಾಲಿನವನ ಕೈಗೆ ಕೊಟ್ಟರು. ಅವನಿಗೆ ಓದು ಬಾರದು. ಮೂಲೆ ಅಂಗಡಿಯಲ್ಲಿ ಓದಿಸಿದ. ಅಂಗಡಿಯ ಮುಂದಿದ್ದವರೆಲ್ಲ ಕೇಳಿಸಿಕೊಂಡರು. ಮಾರನೆಯ ದಿನದಿಂದ ಇಡೀ ಬೀದಿಗೆ ಗಟ್ಟಿ ಹಾಲು ಬಂತು. ಹಾಸನದಲ್ಲಿದ್ದ ನಮ್ಮ ತಂದೆ ಅತ್ತೆಗೆ ಖಾಸಾ ತಮ್ಮ. ಅವರಿಗೂ ಒಂದು ವರ್ಷ ಅಂಚೆಯಲ್ಲಿ ಅರ್ಜಿ ಬಂದಿತ್ತು: ‘ವಿಷಯ: ಗೌರಿ ಹಬ್ಬಕ್ಕೆ ನನ್ನನ್ನು ಕರೆಯುವ ಬಗ್ಗೆ. ಉಲ್ಲೇಖ: ಕಳೆದ ವರ್ಷ ಕರೆಯದೇ ಇದ್ದುದು.’ ಅಪ್ಪ ಅದನ್ನು ಓದಿ, ಚಪ್ಪಲಿ ಮೆಟ್ಟಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದರು.

ಇಂಥ ಅತ್ತೆ ತೊಂಬತ್ತರ ದಶಕದ ಕೊನೆಯಲ್ಲಿ ತಮ್ಮ ಮನೆ ಮಾರಲು ನಿಶ್ಚಯಿಸಿದರು. ಕಾರಣ, ಹಾಸನದಲ್ಲಿದ್ದ ಅವರ ತಂಗಿ, ನನ್ನ ಚಿಕ್ಕತ್ತೆ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಆಕೆಗೂ ಗಂಡನಿಲ್ಲ, ಮಕ್ಕಳಿಲ್ಲ. ಸದ್ಯಕ್ಕೆ ನನ್ನ ತಾಯಿ ಹೋಗಿ ಜೊತೆಗಿದ್ದರು, ಆದರೆ ಎಷ್ಟು ದಿನ ಇದ್ದಾರು? ಅತ್ತೆ ಮದುವೆಯಾಗದೇ ಉಳಿದವರು. ನಾನೇ ಹೋಗಿ ನೋಡಿಕೊಳ್ಳುತ್ತೇನೆ ಎಂದು ಹೊರಟರು. ಮನೆಗೆ ಬೀಗ ಹಾಕಿಕೊಂಡು ಹೋದರಾಗದೇ ಎಂದು ಅಪ್ಪ ಕೇಳಿದರು. ಮನೆ ಇದ್ದರೆ ಮನಸ್ಸು ಇಲ್ಲೇ ಇರುತ್ತದೆ, ರೋಗಿಯ ಮಗ್ಗುಲಲ್ಲಿ ಅರ್ಧ ಮನಸ್ಸು ಇಟ್ಟುಕೊಂಡು ಕೂರಬಾರದು ಎಂದರು ಅತ್ತೆ. ಓಡಾಡಲು ನನ್ನನ್ನು ನೇಮಿಸಿದರು. ನಾನಾಗ ಹಾಸನದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ಬೇಸಿಗೆ ರಜ ಬಂದಿತ್ತು.

ಮನೆ ಮಾರುವುದೆಂದರೆ ಕಾಗದ ಹೊಂದಿಸುವುದು. ಬೇರೆಯವರಿಗೆ ಅದು ಶಿಕ್ಷೆ, ಅತ್ತೆಗೆ ಹಬ್ಬ. ಪುರಸಭೆಯಲ್ಲಿ ಕಂದಾಯ ಬಾಕಿ ಇಲ್ಲವೆಂಬ ಪತ್ರ ಬೇಕಿತ್ತು. ಹೋದ ವರ್ಷದ ರಸೀದಿ ಇದ್ದರೆ ಕೊಡಿ ಎಂದ ಗುಮಾಸ್ತ. ಅತ್ತೆ ಮನೆ ಕಟ್ಟಿದ ವರ್ಷದಿಂದ ಶುರುಮಾಡಿ ಒಂದೊಂದೇ ರಸೀದಿ ಮೇಜಿನ ಮೇಲೆ ಇಡತೊಡಗಿದರು. ಅವನು ಸಾಕು ಸಾಕೆಂದರೂ ನಿಲ್ಲಿಸಲಿಲ್ಲ. ಕೊನೆಗೆ ಅವನು ಎದ್ದು ಒಳಗೆ ಹೋಗಿ ಮೇಲಧಿಕಾರಿಯನ್ನು ಕರೆತಂದ. ಇಬ್ಬರೂ ಗುಸುಗುಸು ಮಾತಾಡಿದರು. ಆಮೇಲೆ ಆ ಅಧಿಕಾರಿ ಬಹಳ ವಿನಯದಿಂದ, ತಮ್ಮ ಕಚೇರಿಯ ಹಳೆಯ ಪುಸ್ತಕಗಳನ್ನು ಗೆದ್ದಲು ತಿಂದಿದೆಯೆಂದೂ, ಅಭ್ಯಂತರವಿಲ್ಲದಿದ್ದರೆ ಇವನ್ನೆಲ್ಲ ಜೆರಾಕ್ಸ್ ಮಾಡಿಸಿಕೊಳ್ಳುತ್ತೇವೆಂದೂ ಕೇಳಿದರು. ಅದಕ್ಕೊಂದು ಅರ್ಜಿ ಬರೆದು ಕೊಡಿ ಎಂದರು ಅತ್ತೆ. ಅವರು ಬರೆದುಕೊಟ್ಟರು.

ವಿದ್ಯುತ್ ಕಚೇರಿಯಲ್ಲಿ ತೊಡಕು ಬೇರೆ ಥರದ್ದು. ಅತ್ತೆಯ ಮನೆಯ ಬಿಲ್ಲು ಎಷ್ಟು ಕಡಿಮೆ ಬರುತ್ತಿತ್ತೆಂದರೆ, ಮೀಟರು ಕೆಟ್ಟಿದೆಯೆಂದೇ ಅಲ್ಲಿಯವರ ಅನುಮಾನ. ಪರೀಕ್ಷೆ ಮಾಡದೆ ಬಾಕಿ ಇಲ್ಲವೆಂದು ಬರೆಯುವುದಿಲ್ಲ ಎಂದರು. ಸಂಜೆ ಲೈನ್‌ಮನ್ ಬಂದ. ಇರುವ ದೀಪವನ್ನೆಲ್ಲ ಹಾಕಿ ಎಂದ. ಅತ್ತೆಗೆ ಯಾವ ಸ್ವಿಚ್ಚು ಯಾವ ಕೋಣೆಯದೆಂದು ನೆನಪಾಗಲು ಹೊತ್ತು ಹಿಡಿಯಿತು. ಅವರು ಓದುವ ಮೂಲೆಯ ಬಲ್ಬೊಂದನ್ನು ಬಿಟ್ಟು ಉಳಿದವನ್ನು ಯಾವತ್ತೂ ಉರಿಸಿದವರಲ್ಲ. ಒಂದೊಂದಾಗಿ ಎಲ್ಲ ಹತ್ತಿದವು. ಲೈನ್‌ಮನ್ ಮೀಟರಿನ ಚಕ್ರ ನೋಡಿ ನನ್ನ ಕಡೆ ತಿರುಗಿದ.

“ಮೀಟ್ರು ಸರ್ಯಾಗೇ ಐತೆ ಸಾ. ಉರುಸಿದ್ರೆ ತಾನೇ ತಿರುಗೋದು?”

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಪುಟ್ಟತಾಯಮ್ಮ ಕಾಂಪೌಂಡಿನ ಆಚೆಯಿಂದ ಇಣುಕಿದರು. ಆ ಮನೆಯಲ್ಲಿ ಅಷ್ಟು ಬೆಳಕು ಕಂಡು, ಯಾರಿಗೋ ಏನೋ ಆಗಿದೆಯೆಂದೇ ಹೆದರಿದ್ದರು. ಅತ್ತೆ ಜಗಲಿಯಲ್ಲೇ ನಿಂತಿದ್ದರೂ ಅವರನ್ನು ಕೇಳಲಿಲ್ಲ. ನನ್ನನ್ನು ನೋಡಿ, “ಎಲ್ಲಾ ಸೆಂದಾಗವ್ರಾ ಕಣಪ್ಪ?” ಎಂದರು. ಚೆನ್ನಾಗಿದ್ದಾರೆ ಎಂದೆ. ಪಕ್ಕದಲ್ಲೇ ಇದ್ದ ಅತ್ತೆಯ ಕಡೆ ಒಮ್ಮೆಯೂ ನೋಡದೆ ಒಳಗೆ ಹೋದರು.

ಈ ಪುಟ್ಟತಾಯಮ್ಮ ಹರದನಹಳ್ಳಿ ಕಡೆಯ ಒಕ್ಕಲು ಮನೆತನದವರು. ಗಂಡ ಸತ್ತ ಮೇಲೆ ಜಮೀನನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟು ಇಲ್ಲೇ ಇದ್ದರು. ಒಂದು ಕಾಲದಲ್ಲಿ ಇಬ್ಬರಿಗೂ ಬಹಳ ಬಳಕೆ. ಅವರ ಹೊಲದ ಅವರೆಕಾಯಿ ಇವರ ಮನೆಗೆ, ಇವರ ಹುಳಿಪುಡಿ ಅವರ ಮನೆಗೆ. ಆ ಬಳಕೆಯ ಕಾಲದಲ್ಲೇ ಪುಟ್ಟತಾಯಮ್ಮನ ಗಂಡ ತಮ್ಮ ಅಂಗಳದ ಕೆಳಗೆ ಪೈಪು ಹಾಯಿಸಿ ಅತ್ತೆಯ ಮನೆಗೂ ನಲ್ಲಿ ಕೊಡಿಸಿದ್ದರು. ಅವರದೇ ಅಂಗಳದಲ್ಲಿ ಅವರು ನೆಟ್ಟ ತೆಂಗಿನ ಮರವೂ ಇತ್ತು. ಅವರು ತೀರಿಕೊಂಡ ಕೆಲವು ವರ್ಷಗಳಿಗೆ ಆ ಮರ ಅತ್ತೆಯ ಸೂರಿನ ಕಡೆ ವಾಲಿತು. ಒಂದು ಸಲ ಕಾಯಿ ಬಿದ್ದು ಹೆಂಚು ಒಡೆದವು. ಇನ್ನೊಂದು ಸಲ, ಅತ್ತೆಯ ಹತ್ತಿರ ಪಾಠಕ್ಕೆ ಬರುತ್ತಿದ್ದ ಮಕ್ಕಳು ಕೂರುವ ಜಾಗದಲ್ಲೇ ಬಿತ್ತು. ಅತ್ತೆ ಎಂದಿನಂತೆ ಅರ್ಜಿ ಬರೆದರು. ಪುಟ್ಟತಾಯಮ್ಮನಿಗಲ್ಲ, ಪುರಸಭೆಗೆ. ಪುರಸಭೆಯಿಂದ ನೋಟೀಸು ಬಂತು. ಪುಟ್ಟತಾಯಮ್ಮ ಒಂದು ಮಾತೂ ಆಡದೆ ಮರ ಕಡಿಸಿದರು. ಆಮೇಲೂ ಒಂದು ಮಾತು ಆಡಲಿಲ್ಲ. ನೀರು ಮಾತ್ರ ಎರಡು ಮನೆಗೂ ಹರಿಯುತ್ತಿತ್ತು.

ಮನೆ ಕೊಳ್ಳಲು ಬಂದವರು ಅರಕಲಗೂಡಿನ ಕಡೆಯ ಒಬ್ಬ ಬಸ್ ಕಂಡಕ್ಟರು. ಅವರ ಹೆಂಡತಿ ಮನೆಯ ಬಾಗಿಲು, ತೊಲೆ, ದೇವರ ಕೋಣೆ ಯಾವುದನ್ನೂ ನೋಡಲಿಲ್ಲ. ನೇರ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರು ಬರುವವರೆಗೆ ಕಾದು, ಬಂದ ಮೇಲೆ ಕೈ ತೊಳೆದುಕೊಂಡು ಮನೆ ಚೆನ್ನಾಗಿದೆ ಎಂದರು. ಆ ನಲ್ಲಿಯನ್ನು ಅವರ ಹೆಸರಿಗೆ ಮಾಡಿಕೊಡಬೇಕೆಂದರೆ, ಪೈಪು ಪಕ್ಕದ ಅಂಗಳದಲ್ಲಿ ಹಾದು ಬರುವುದರಿಂದ, ಅಂಗಳದ ಒಡತಿಯ ಒಪ್ಪಿಗೆ ಪತ್ರ ಬೇಕೆಂದು ಪುರಸಭೆಯವರು ಹೇಳಿದರು.

ಅತ್ತೆ ಅರ್ಜಿ ಬರೆದರು. ನಾನು ಒಯ್ದೆ. ಪುಟ್ಟತಾಯಮ್ಮ ಕಾಗದ ಮುಟ್ಟಲಿಲ್ಲ.

“ಕಾಗ್ದ ಬ್ಯಾಡ ಕಣಪ್ಪ. ನಿಮ್ಮತ್ತೆಗೆ ಬಾಯೈತಲ್ಲ, ಬಂದು ಕೇಳಕ್ಕೆ ಹೇಳು.”

ಹೇಳಿದೆ. ಅತ್ತೆ ಇನ್ನೊಂದು ಅರ್ಜಿ ಬರೆದರು, ಮೊದಲಿನದಕ್ಕಿಂತ ಮೆತ್ತಗೆ. ಅದೂ ವಾಪಸು ಬಂತು. ಎರಡು ಮನೆಯ ನಡುವೆ ಇರುವುದು ಎದೆಮಟ್ಟದ ಗೋಡೆ. ಅದರ ಪಕ್ಕ ನಿಂತು ಒಂದು ಮಾತು ಕೇಳಿದರೆ ಮುಗಿಯುವ ಕೆಲಸಕ್ಕೆ ವಾರಗಟ್ಟಲೆ ಹಿಡಿಯಿತು. ಚನ್ನರಾಯಪಟ್ಟಣದಲ್ಲಿ ಬೇರೊಂದು ಮನೆ ನೋಡಿದ್ದೇವೆ, ಬೇಗ ಹೇಳಿ ಎಂದರು ಕಂಡಕ್ಟರು. ಹಾಸನದಿಂದ ಅಮ್ಮ ಫೋನು ಮಾಡಿ, ಚಿಕ್ಕತ್ತೆ ಬೆಳಗಾದರೆ ಬಾಗಿಲು ನೋಡಿಕೊಂಡು ಅಕ್ಕ ಬಂದಳಾ ಎಂದು ಕೇಳುತ್ತಾರೆ ಎಂದರು. ಫೋನು ಬಂದದ್ದು ಮೂಲೆ ಅಂಗಡಿಗೆ. ನಾನು ಬಂದು ಅತ್ತೆಗೆ ಇದನ್ನು ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನಿಗೆ ಟೋಪಿ ಹಾಕಿದರು. ಎದ್ದು ಮುಖ ತೊಳೆದು, ಬೇರೆ ಸೀರೆ ಉಟ್ಟು, ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನದ ಹಾಗೆ ಸೆರಗು ಸರಿಮಾಡಿಕೊಂಡು ಹೊರಟರು. ನಾನೂ ಹಿಂದೆ ಹೋದೆ.

ಪುಟ್ಟತಾಯಮ್ಮ ಅಂಗಳದಲ್ಲಿ ಕೂತು ರಾಗಿ ಕೇರುತ್ತಿದ್ದರು. ನಮ್ಮನ್ನು ಕಂಡರೂ ಮೊರ ನಿಲ್ಲಿಸಲಿಲ್ಲ. ಅತ್ತೆ ಬಂದು ಎದುರಿಗೆ ನಿಂತರು. ಸರಿಯಾಗೇ ಇದ್ದ ಸೆರಗನ್ನು ಇನ್ನೊಮ್ಮೆ ಸರಿಮಾಡಿಕೊಂಡರು.

“ಪುಟ್ಟತಾಯಮ್ಮ, ನೀರಿಗೆ ಒಪ್ಪಿಗೆ ಬೇಕಾಗಿತ್ತು.”

“ಅಷ್ಟೇಯಾ?”

ಅತ್ತೆ ಅಂಗಳದಲ್ಲಿ ಮರವಿದ್ದ ಜಾಗದ ಕಡೆ ನೋಡಿದರು.

“ಮರದ ವಿಷಯ ನಾನೇ ಬಂದು ಹೇಳಬೇಕಿತ್ತು. ನಿಮ್ಮ ಯಜಮಾನರು ನೆಟ್ಟ ಮರ. ಕಡೀರಿ ಅಂತ ನಿಮ್ಮ ಮುಖ ನೋಡ್ಕೊಂಡು ಹೇಳೋಕೆ ಧೈರ್ಯ ಬರಲಿಲ್ಲ. ನನಗೆ ಯಾರ ಹತ್ರಾನೂ ಆ ಧೈರ್ಯ ಬರಲ್ಲ. ಕಾಗದದಲ್ಲಾದ್ರೆ ಮುಖ ನೋಡ್ಬೇಕಾಗಿಲ್ಲ.”

ಮೊರ ನಿಂತಿತು. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಅತ್ತೆಯ ಅರ್ಜಿಗಳನ್ನು ಹೇಳಿಕೊಂಡು ನಗುತ್ತಿದ್ದೆವು. ಗತ್ತು ಎನ್ನುತ್ತಿದ್ದರು ಅಪ್ಪ. ಶಿಸ್ತು ಎನ್ನುತ್ತಿದ್ದರು ಅಮ್ಮ. ಅದು ಭಯ ಎಂದು ಯಾರಿಗೂ ಹೊಳೆದಿರಲಿಲ್ಲ.

“ಮರ ಓದ್ರೆ ಓಯ್ತು ಕಣಮ್ಮ,” ಎಂದರು ಪುಟ್ಟತಾಯಮ್ಮ. “ಕಾಯಿ ಬೀಳೋದು ನನಗೂ ಗೊತ್ತಿತ್ತು, ಕಡುಸ್ಬೇಕು ಅಂತ್ಲೇ ಇದ್ದೆ. ಜವಾನ ಬಂದು ಬಾಗ್ಲಿಗೆ ನೋಟೀಸು ಅಂಟುಸುದ್ನಲ್ಲ, ಅವತ್ತು ನಮ್ಮ ಯಜಮಾನ್ರ ತಿತಿ ಇತ್ತು. ನೆಂಟ್ರೆಲ್ಲ ಉಣ್ಣಕ್ಕೆ ಕೂತಿದ್ರು. ಏನು ತಪ್ ಮಾಡವ್ಳೆ ಇವ್ಳು ಅಂತ ನೋಡುದ್ರು.”

ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅದೇ ದಿನವೆಂದು ತನಗೆ ತಿಳಿದಿರಲಿಲ್ಲ ಎಂದರು. ಪುಟ್ಟತಾಯಮ್ಮ ರಾಗಿಯನ್ನು ಒಂದು ಕಡೆ ಸರಿಸಿ, ಕೆಳಗೆ ಮಣ್ಣೈತೆ, ಚಾಪೆ ಮೇಲೆ ಬನ್ನಿ ಎಂದರು. ಒಳಗೆ ಹೋಗಿ ಚೊಂಬಿನಲ್ಲಿ ಮಜ್ಜಿಗೆ ತಂದರು. ಅತ್ತೆ ಕುಡಿದರು. ಆಮೇಲೆ ಪುಟ್ಟತಾಯಮ್ಮ ಸೀರೆಗೆ ಕೈ ಒರೆಸಿಕೊಂಡು, ಎಬ್ಬೆಟ್ಟು ಎಲ್ಲಿ ಒತ್ತಬೇಕು ತೋರಿಸಿ ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಕಾಗದ ತಂದಿರಲಿಲ್ಲ. ನಾನು ಓಡಿದೆ.

ಒಪ್ಪಿಗೆ ಪತ್ರ ಪುರಸಭೆಗೆ ಹೋಯಿತು, ನಲ್ಲಿ ಕಂಡಕ್ಟರ ಹೆಸರಿಗಾಯಿತು, ನೋಂದಣಿಯೂ ಮುಗಿಯಿತು. ಅತ್ತೆ ಹೊರಡುವ ದಿನ ಹಾಸನದಿಂದ ಒಂದು ಸಣ್ಣ ಲಾರಿ ಮಾಡಿಕೊಂಡು ಹೋದೆ. ಅವರ ಸಾಮಾನು ಬಹಳವೇನೂ ಇರಲಿಲ್ಲ. ಏರಿಸಿದ್ದಾಯಿತು, ಬಾಗಿಲು ಹಾಕಿದ್ದಾಯಿತು, ಬೀಗದ ಕೈ ಕಂಡಕ್ಟರ ಹೆಂಡತಿಗೆ ಕೊಟ್ಟಿದ್ದೂ ಆಯಿತು. ಅತ್ತೆ ಮಾತ್ರ ಕಾಣಲಿಲ್ಲ. ಹುಡುಕಿದರೆ ಪುಟ್ಟತಾಯಮ್ಮನ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಾರೆ. ಎದುರಿಗೆ ಪುಟ್ಟತಾಯಮ್ಮ. ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು, ಈ ಸಲ ಹುಣಸೆ ಹೇಗೆ ಬಿಟ್ಟಿದೆ, ಗೊರೂರಿನಲ್ಲಿರುವ ಪುಟ್ಟತಾಯಮ್ಮನ ಸೊಸೆಗೆ ಮಗು ಯಾವಾಗ, ಇಂಥವೇ ಮಾತು. ಅತ್ತೆ ಕೇಳುತ್ತಿದ್ದರು, ಹೇಳುತ್ತಿದ್ದರು, ನಡುವೆ ಒಮ್ಮೆ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ.

ಹೊರಗೆ ಲಾರಿಯವನು ಹಾರನ್ ಬಾರಿಸಿದ. ಅತ್ತೆಗೆ ಕೇಳಿಸಿತೋ ಇಲ್ಲವೋ, ಮಾತು ಮುಂದುವರಿಸಿದರು. ನಾನು ಸದ್ದು ಮಾಡದೆ ಹಿಂದಕ್ಕೆ ಬಂದು, ಇನ್ನೂ ಸ್ವಲ್ಪ ತಡವಾಗುತ್ತದೆ, ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿ ಊಟವನ್ನೇ ಮುಗಿಸಿಕೊಂಡು ಬಾ ಎಂದು ಅವನಿಗೆ ಹೇಳಿದೆ.