ಬಾಗಿಲು ತಟ್ಟದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಯಾರ ಮನೆಯ ಬಾಗಿಲನ್ನಾದರೂ ತಟ್ಟಿದ್ದನ್ನು ಕಂಡವರಿದ್ದರೆ ನನಗೊಮ್ಮೆ ತಿಳಿಸಿ. ಅಂಥವರನ್ನು ಕೂರಿಸಿ ನಾನೇ ಹೋಳಿಗೆ ಬಡಿಸುತ್ತೇನೆ. ಮುಂಬಾಗಿಲು ಇರುವುದು ಬೀಗರಿಗೆ ಮತ್ತು ಓಟು ಕೇಳುವವರಿಗೆ ಎಂಬುದು ಅವಳ ಸಿದ್ಧಾಂತ. ಹಾಗಾಗಿ ಎಲ್ಲಿಗೇ ಹೋಗಲಿ, ಹಿತ್ತಲು ಸುತ್ತಿ ಬರುತ್ತಾಳೆ. ನೀವು ಒಲೆಯ ಮುಂದೆ ನಿಂತು ಸಾರಿನ ರುಚಿ ನೋಡುತ್ತಿರುತ್ತೀರಿ. ಕಿವಿಯ ಪಕ್ಕದಲ್ಲೇ "ಹುಳಿ ಜಾಸ್ತಿ ಆಗೈತೆ ಕಣೇ" ಎಂದು ಕೇಳಿಸುತ್ತದೆ. ನಿಮ್ಮ ಕೈಯ ಸೌಟು ಬೀಳುತ್ತದೆ. ಅಷ್ಟರಲ್ಲಿ ಅವಳು ಅನ್ನದ ಪಾತ್ರೆಯ ಮುಚ್ಚಳ ಎತ್ತಿ ಆಗಿರುತ್ತದೆ. ನಮ್ಮ ಮಂಡಲ ಅಧಿಕಾರಿಯ ಹೆಂಡತಿ ಹೀಗೆ ಮೂರು ಸೌಟು ಬೀಳಿಸಿದ ಮೇಲೆ ಹಿತ್ತಲಿಗೆ ನಾಯಿ ತಂದು ಕಟ್ಟಿದರು. ಆ ನಾಯಿ ಈಗ ಚಿಕ್ಕಮ್ಮನನ್ನು ಕಂಡರೆ ಬಾಲ ಅಲ್ಲಾಡಿಸುತ್ತದೆ.

ನಮ್ಮೂರು ಆಂಧ್ರದ ಗಡಿಯೊಳಗೆ, ರಾಯದುರ್ಗದ ಕಡೆ. ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ಚಿಕ್ಕಮ್ಮನ ತವರು ಮಡಕಶಿರದ ಕಡೆ, ಅಮರಾಪುರದ ಹತ್ತಿರ. ನಮ್ಮ ಚಿಕ್ಕಪ್ಪನನ್ನು ಮದುವೆಯಾಗಿ ಬಂದು ಅವಳ ತಲೆಗೂದಲು ಬಿಳಿಯಾಯಿತೇ ಹೊರತು ಮಾತು ಬದಲಾಗಲಿಲ್ಲ. ಊರೆಲ್ಲ ಶೇಂಗಾ ಎಂದರೆ ಅವಳೊಬ್ಬಳೇ ಕಡ್ಲೇಕಾಯಿ ಎನ್ನುತ್ತಾಳೆ. ಮನೆಗೆ ಯಾರೇ ಬರಲಿ, ಒಂದು ಮೊರದ ತುಂಬ ಕಡ್ಲೇಕಾಯಿ ತಂದು ಮುಂದಿಟ್ಟು "ಬಿಡಿಸ್ತಾ ಮಾತಾಡು" ಎನ್ನುತ್ತಾಳೆ. ಹೊಸ ಎಸ್‌ಐ ವಿಚಾರಣೆಗೆಂದು ಬಂದವನು ಅರ್ಧ ಮೊರ ಬಿಡಿಸಿ ಹೋದ. ಏನು ವಿಚಾರಿಸಲು ಬಂದಿದ್ದೆ ಎಂಬುದು ಅವನಿಗೆ ಠಾಣೆ ಸೇರಿದ ಮೇಲೆ ನೆನಪಾಯಿತಂತೆ.

ಇಂಥವಳು ಮಂಡಲ ಪರಿಷತ್ತಿನ, ಎಂದರೆ ನಿಮ್ಮ ಕಡೆಯ ತಾಲೂಕು ಪಂಚಾಯಿತಿಯಂಥದರ, ಮೆಂಬರ್! ಸೀಟು ಹೆಂಗಸರಿಗೆ ಮೀಸಲಾದಾಗ ಆಗಿನ ನಾಯಕರು ಇವಳನ್ನು ಆರಿಸಿದರು. "ಅಕ್ಕಾರ, ನೀವು ಕೈ ಎತ್ತಿದ್ರ ಸಾಕ್ರಿ, ಉಳಿದದ್ದು ನಾ ನೋಡ್ಕೊಂತೀನಿ" ಎಂದರು. ಆಮೇಲೆ ಅವರು ಮಂಡಲದ ಅಧ್ಯಕ್ಷರಾದರು. ಇವಳು ಓದಿದ್ದು ಕನ್ನಡ ಶಾಲೆಯಲ್ಲಿ. ಆಫೀಸಿನ ಕಾಗದಗಳೆಲ್ಲ ಬರುವುದು ತೆಲುಗಿನಲ್ಲಿ. ಆಗತಾನೇ ಅನಂತಪುರದಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಕಾಗದ ಓದಿ ಹೇಳುವ ಕೆಲಸ ಸಿಕ್ಕಿತು. ಮೀಟಿಂಗಿಗೂ ಜೊತೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಬೋರ್‌ವೆಲ್ಲು ಯಾರ ಹೊಲದ ಬದುವಿನಲ್ಲಿ ಬಿತ್ತು ಎಂಬುದನ್ನೂ ನಾನು ಬಿಡದೆ ಓದುತ್ತಿದ್ದೆ. ಅವಳು ಎದ್ದು ಅದನ್ನೇ ಕೇಳುತ್ತಿದ್ದಳು. ಅಧ್ಯಕ್ಷರು ನಗುತ್ತಾ ನನ್ನ ಕಡೆ ನೋಡುತ್ತಿದ್ದರು. ಆ ನಗುವನ್ನು ನಾನು ಆಗ ನಗು ಎಂದೇ ತಿಳಿದಿದ್ದೆ.

ನಮ್ಮ ಕಡೆ ಅಧ್ಯಕ್ಷರ ಆಯ್ಕೆಗೆ ಮುಂಚೆ ಮೆಂಬರುಗಳನ್ನು ಎದುರು ಪಾರ್ಟಿಯವರ ಕೈಗೆ ಸಿಗದಂತೆ ವ್ಯಾನಿಗೆ ತುಂಬಿ ದೂರದ ಲಾಡ್ಜಿನಲ್ಲಿಡುತ್ತಾರೆ. ಇದಕ್ಕೆ ಕ್ಯಾಂಪ್ ಎಂದು ಹೆಸರು. ಇವರು ಅಧ್ಯಕ್ಷರಾದ ಸಲದ ಕ್ಯಾಂಪು ಬೆಂಗಳೂರಿನಲ್ಲಿ ಎಂದಿತ್ತು. ಮಡಕಶಿರದ ಬಸ್ ಸ್ಟ್ಯಾಂಡ್ ಬರುತ್ತಿದ್ದಂತೆ ಚಿಕ್ಕಮ್ಮ ಎದ್ದು ನಿಂತಳು.

"ನಿಲ್ಸಪ್ಪಾ, ನನ್ ತೌರು ಇಲ್ಲೇ ಐತೆ."

"ಇಳಿಯಂಗಿಲ್ರಿ ಅಕ್ಕಾರ, ಇದು ಕ್ಯಾಂಪ್ ಐತಿ" ಎಂದ ಉಸ್ತುವಾರಿಯವನು.

"ಐತಲ್ಲ, ಅದನ್ನೇ ತಂದು ನಮ್ಮಣ್ಣನ ಮನೇಲಿ ಹಾಕು."

ಒಬ್ಬಳನ್ನು ಇಳಿಸಿದರೆ ಒಂದು ಓಟು ಹೋಗುತ್ತದೆ. ಇಡೀ ವ್ಯಾನೇ ಅವಳ ತವರಿಗೆ ತಿರುಗಿತು. ಅಲ್ಲಿ ರೇಷ್ಮೆ ಹುಳು ಕೊನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ರಾತ್ರಿ ಹಗಲು ಮೇಯುವ ಹೊತ್ತು. ಆಳು ಸಿಗದೆ ಅವಳ ಅಣ್ಣ ಪರದಾಡುತ್ತಿದ್ದ. ಜನಪ್ರತಿನಿಧಿಗಳೆಲ್ಲ ಆಯ್ಕೆಯ ದಿನದವರೆಗೂ ಹಿಪ್ಪುನೇರಳೆ ಸೊಪ್ಪು ಕೊಯ್ದರು. ಆ ಸಲದಷ್ಟು ಒಳ್ಳೆಯ ಗೂಡು ಮತ್ತೆ ಆಗಲಿಲ್ಲವಂತೆ. ಪ್ರಜಾಪ್ರಭುತ್ವದಿಂದ ರೇಷ್ಮೆಗೆ ಅನುಕೂಲವಿಲ್ಲ ಎಂದು ಯಾರು ಹೇಳಿದ್ದು?

ಇಲ್ಲಿಯವರೆಗೆ ಬರೆಯುವುದು ನನಗೆ ಸುಲಭ. ಮುಂದಿನದನ್ನು ಬರೆಯುವಾಗ ಎರಡು ಸಲ ಎದ್ದು ಹೋಗಿ ಚಿಲಕ ಹಾಕಿದೆಯೇ ಎಂದು ನೋಡಿ ಬಂದೆ.

ಅಧ್ಯಕ್ಷರ ಮೇಲೆ ಅವಿಶ್ವಾಸ ಬಂದ ದಿನ ಚಿಕ್ಕಮ್ಮ ಅವರ ಪರವಾಗಿಯೇ ಕೈ ಎತ್ತಿದಳು. "ಸೀಟು ಕೊಟ್ಟವನು, ಇದೊಂದು ಸಲ" ಎಂದಳು. ಆದರೂ ಅವರು ಸೋತರು. ಅವರು ಅಂದು ಮೀಟಿಂಗಿಗೆ ಬಂದಿರಲಿಲ್ಲ. ಅವರ ಜನ ಮಾತ್ರ ಗೇಟಿನಾಚೆ ತುಂಬಿದ್ದರು. ಫಲಿತಾಂಶ ಓದಿ ಮುಗಿಸುವಷ್ಟರಲ್ಲಿ ಕಿಟಕಿಯ ಗಾಜು ಒಳಗೆ ಬಿತ್ತು. ಎಲ್ಲರೂ ಮೇಜಿನ ಕೆಳಗೆ ತೂರಿದರು. ಚಿಕ್ಕಮ್ಮ ನನ್ನ ಜಡೆ ಹಿಡಿದು ಹಿಂದಿನ ಟೀ ಕಾಯಿಸುವ ಕೋಣೆಗೆ ಎಳೆದಳು. ಅಲ್ಲಿಂದ ಹಿತ್ತಲಿಗೆ ಬಾಗಿಲಿದೆ ಎಂದು ಅವಳಿಗಲ್ಲದೆ ಯಾರಿಗೆ ಗೊತ್ತು? ಅಂದು ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಜೀವಮಾನದಲ್ಲಿ ಮೊದಲ ಸಲ ಒಂದು ಹಿಂಬಾಗಿಲು ಅವಳಿಗೆ ಕೈಕೊಟ್ಟಿತು.

ನಾವು ಒಳಗಿನ ಬಾಗಿಲು ಹಾಕಿ ಗ್ಯಾಸ್ ಸಿಲಿಂಡರ್ ಅಡ್ಡ ನೂಕಿದೆವು. ಅವಳು ನನ್ನನ್ನು ಮೂಲೆಗೆ ಒತ್ತಿ ಎರಡೂ ಅಂಗೈಗಳಿಂದ ನನ್ನ ಕಿವಿ ಮುಚ್ಚಿದಳು, ನೋವಾಗುವಷ್ಟು ಬಿಗಿಯಾಗಿ. ಆ ಕೈಗಳಿಗೆ ಕಡ್ಲೇಕಾಯಿ ಸಿಪ್ಪೆಯ ವಾಸನೆ ಇತ್ತು. ನನಗೆ ಏನೂ ಕೇಳಿಸಲಿಲ್ಲ, ಕಾಣಿಸಿತು. ಬಾಗಿಲು ಅದುರುತ್ತಿತ್ತು. ಚಿಲಕದ ಒಂದು ಸ್ಕ್ರೂ ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತಿತ್ತು. ಅದು ಬೀಳುವ ಮೊದಲು ಪೊಲೀಸರು ಬಂದರು. ಆದರೆ ಆ ಸ್ಕ್ರೂ ಈಗಲೂ ಬರುತ್ತಲೇ ಇದೆ. ಊಟ ಮಾಡುವಾಗ, ಬಸ್ಸಿನಲ್ಲಿ ಕೂತಾಗ. ಕೊರಿಯರ್ ಹುಡುಗ ಬಾಗಿಲು ತಟ್ಟಿದರೆ ನಾನು ಮಂಚದ ಹಿಂದೆ ಇರುತ್ತೇನೆ.

ಮರುದಿನವೇ ಅಧ್ಯಕ್ಷರು ಮೆಂಬರಗಿರಿಗೂ ರಾಜೀನಾಮೆ ಕೊಟ್ಟರು. ಹಲ್ಲೆಗೆ ಅವರೇ ಕಾರಣ, ಅವರು ಮತ್ತೆ ಚುನಾವಣೆಗೆ ನಿಲ್ಲದಂತೆ ಮಾಡಬೇಕು ಎಂದು ಸರ್ಕಾರಕ್ಕೆ ತೀರ್ಮಾನ ಕಳಿಸಲು ಅವಿಶ್ವಾಸ ತಂದಿದ್ದವರು ವಿಶೇಷ ಸಭೆ ಕರೆದರು. ಟೀ ಅಂಗಡಿಗಳಲ್ಲೆಲ್ಲ ಅದೇ ಮಾತು.

"ಇಳಿದಾವನ್ನ ಮತ್ತ ಹೆಂಗ ಇಳಸ್ತೀರಿ? ಅವ್ರು ಸಭಾದಾಗ ಇಲ್ಲ. ಇಲ್ಲದವ್ರ ಮ್ಯಾಲ ಎಂಥಾ ವಿಚಾರಣಿ?"

"ಇಳಿಯೂಮುಂದ ಗ್ಲಾಸ್ ಒಡದು ಇಳದಾರಲ್ರಿ?"

"ಮತ್ತ ಜಡ್ಜು ಯಾರು? ಮೇಜಿನ ಕೆಳಗ ಕುಂತಿದ್ದೋರು."

ಮೆಂಬರುಗಳು ಸಮ ಸಮ ಒಡೆದಿದ್ದರು. ಉಳಿದದ್ದು ಚಿಕ್ಕಮ್ಮನ ಕೈ ಒಂದೇ. ಎರಡೂ ಕಡೆಯಿಂದ ಕ್ಯಾಂಪಿನ ವ್ಯಾನುಗಳು ಬಂದು ಅವಳ ಮನೆಯ ಮುಂದೆ ನಿಂತವು. ಅವಳು ಹಿತ್ತಲಿನಿಂದ ಹೊರಟು ನಮ್ಮ ಮನೆಗೆ ಬಂದು ಮಲಗಿದಳು. ವ್ಯಾನಿನವರು ಸಂಜೆಯವರೆಗೆ ಖಾಲಿ ಮನೆಯನ್ನು ಕಾದರು.

ಸಭೆಯ ಹಿಂದಿನ ದಿನ ಮಾಜಿ ಅಧ್ಯಕ್ಷರೇ ಬಂದರು. ನಾನು ಅವಳ ಮನೆಯಲ್ಲಿ ಸಭೆಯ ನೋಟೀಸು ಓದುತ್ತಿದ್ದೆ. ಮುಂಬಾಗಿಲನ್ನು ಮೆಲ್ಲಗೆ ತಟ್ಟಿದರು. ನಾನು ಅಡಿಗೆಮನೆಗೆ ಓಡಿ ಗೋಡೆಗೆ ಅಂಟಿಕೊಂಡೆ. ಚಿಕ್ಕಮ್ಮ ಮೊರ ತಂದಿಟ್ಟಳು.

"ಅಕ್ಕಾರ, ನಾ ಆವತ್ತು ಊರಾಗ ಇದ್ದಿಲ್ರಿ. ಹುಡುಗ್ರು ಸಿಟ್ಟಿನಾಗ ಏನೋ ಮಾಡ್ಯಾರ."

"ಹೂಂ. ಜೊಳ್ಳು ಆ ಕಡೆ ಹಾಕು."

"ನಾಳೆ ನೀವು ಕೈ ಎತ್ತಬ್ಯಾಡ್ರಿ. ಇಲ್ಲಾಂದ್ರ ಬರಾಕನ ಹೋಗಬ್ಯಾಡ್ರಿ."

"ಹೂಂ."

"ನಿಮ್ಮ ಹುಡಿಗಿ ಹೆಂಗದಾಳ್ರಿ? ಒಬ್ಬಾಕಿನ ಓಡಾಡ್ತಾಳ. ಹುಷಾರು ಅಂತ ಹೇಳ್ರಿ."

ಮೊರ ನೆಲದ ಮೇಲೆ ಸರಿದ ಸದ್ದಾಯಿತು. ಅವರು ಹೋದ ಮೇಲೆ ನಾನು ಅವಳ ಕೈ ಹಿಡಿದುಕೊಂಡೆ. "ಬ್ಯಾಡ ಚಿಕ್ಕಮ್ಮ. ನಾಳೆ ಮನ್ಯಾಗ ಇದ್ದುಬಿಡು. ನಿನ್ನ ಕಾಲಿಗೆ ಬೀಳ್ತೀನಿ." ಅವಳು ಮೊರ ನೋಡುತ್ತಾ, "ನೋಡೇ, ಇವನು ಬಿಡಿಸಿದ್ದು ಒಂದೂ ಬೀಜಕ್ಕೆ ಬರಲ್ಲ. ಎಲ್ಲಾ ನುಚ್ಚು" ಎಂದಳು.

ಮರುದಿನ ನಾನೂ ಹೋದೆ. ಮನೆಯಲ್ಲಿ ಒಬ್ಬಳೇ ಇರಲು ಅದಕ್ಕಿಂತ ಹೆದರಿಕೆ. ಅದೇ ಮೀಟಿಂಗ್ ಹಾಲ್, ಕಿಟಕಿಗೆ ಹೊಸ ಗಾಜು. ನಾನು ಬಾಗಿಲಿಗೆ ಮುಖ ಮಾಡಿ ಕೂತೆ. ಮೆಂಬರುಗಳು ತೆಲುಗಿನಲ್ಲಿ ವಾದ ಮಾಡಿದರು. ಮಾಜಿಯವರ ಮೇಲೆ ತೀರ್ಮಾನ ಮಾಡುವ ಅಧಿಕಾರ ಸಭೆಗೆ ಇದೆ, ಇಲ್ಲ, ಇದೆ, ಇಲ್ಲ. ಕೊನೆಗೆ ಚಿಕ್ಕಮ್ಮ ಎದ್ದು ಕನ್ನಡದಲ್ಲೇ ಶುರು ಮಾಡಿದಳು.

"ನಾನು ಆವತ್ತು ಅವನಿಗೇ ಕೈ ಎತ್ದೋಳು. ಅವನು ಊರಲ್ಲಿರ್ಲಿಲ್ಲ, ನಿಜ. ಅವನ ದನಿ ಇತ್ತು. ಟೀ ಕೋಣೆ ಬಾಗಿಲಾಚೆ ಒಬ್ಬ ಫೋನು ಜೋರಾಗಿ ಇಟ್ಕಂಡಿದ್ದ. ಒಳಗೆ ಯಾರು ಅಂತ ಫೋನಲ್ಲಿ ಅವನು ಕೇಳ್ದ. ಅಕ್ಕ, ಜೊತೆಗೆ ಆ ಹುಡುಗಿ ಅಂದ್ರು. ಅಕ್ಕ ನಮ್ಮೋಳು, ಬಿಡ್ರಿ ಅಂದ. ಕಾಗದ ಓದಿ ಓದಿ ಅಕ್ಕನ ತಲೆ ಕೆಡಿಸ್ದೋಳು ಆ ಹುಡುಗಿ, ಅವಳನ್ನ ಹೊರಗೆ ಎಳೀರಿ ಅಂದ."

ನನ್ನ ಕಿವಿಯ ಹಿಂದೆ ಅವಳ ಬೆರಳುಗಳು ಒತ್ತಿದ ಜಾಗ ಚುರುಕ್ಕೆಂದಿತು.

"ಇದನ್ನ ಪೊಲೀಸರಿಗೆ ಯಾಕ ಹೇಳ್ಲಿಲ್ರಿ?" ಎಂದ ಒಬ್ಬ ಮೆಂಬರ್.

"ಇವಳ ಕಿವಿಗೆ ಬೀಳಬಾರ್ದು ಅಂತ. ನಿನ್ನೆ ಮನೆಗೇ ಬಂದು ಹುಷಾರು ಅಂದೋದ. ಇನ್ನು ಇವಳಿಗೂ ಗೊತ್ತಿರ್ಬೇಕು." ಅವಳು ಸೆರಗು ಸರಿ ಮಾಡಿಕೊಂಡಳು. "ಇಳಿದೋನ ಮೇಲೆ ಯಾಕೆ ಅಂತೀರ. ಹುಲ್ಲಿನ ಬಣವೆಗೆ ಬೆಂಕಿ ಇಟ್ಟೋನು ಬದು ದಾಟಿ ನಿಂತ್ಕಂಡು, ನಾನೀಗ ಹೊಲದಲ್ಲಿಲ್ಲ ಅಂದ್ರೆ ಸುಮ್ನೆ ಬಿಡ್ತೀರೇನ್ರಪ್ಪಾ?"

ಅವಳು ಕೈ ಎತ್ತಿದಳು. ಅಧಿಕಾರಿ ಎಣಿಸಿದರು. ಆ ದಿನ ಮೇಜಿನ ಕೆಳಗೆ ಕೂತು ಜೋರಾಗಿ ಅತ್ತಿದ್ದ ಮೆಂಬರೊಬ್ಬ, ತೀರ್ಮಾನದ ಪರ ಎಂದು ಎಣಿಸಿದ್ದವನೇ, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ಕೈಗಳು ಸಮ ಸಮ ಆಗಿ ತೀರ್ಮಾನ ಬಿದ್ದುಹೋಯಿತು.

"ಬೀಳ್ಲಿ ಬಿಡು" ಎಂದಳು ಚಿಕ್ಕಮ್ಮ, ಆಟೋದಲ್ಲಿ. ಮನೆ ಬರುವವರೆಗೂ ನನ್ನ ಜಡೆಯ ತುದಿಯನ್ನು ಹಿಡಿದೇ ಕೂತಿದ್ದಳು.

ಈಗ ಮಾಜಿ ಅಧ್ಯಕ್ಷರು ಮುಂದಿನ ಚುನಾವಣೆಯ ತಯಾರಿಯಲ್ಲಿದ್ದಾರೆ. ಅವರ ಬಿಳಿ ಗಾಡಿ ನಮ್ಮ ಬೀದಿಗೆ ಬಂದಾಗ ನಿಧಾನವಾಗುತ್ತದೆ. ನಾನು ಕಿಟಕಿಯಿಂದ ಸರಿಯುತ್ತೇನೆ.

ಚಿಕ್ಕಮ್ಮನಿಗೆ ಮಾತ್ರ ತಲೆ ಕೆಟ್ಟಿದೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದಾರೆ. ನಮ್ಮ ಮನೆಗೆ ಬರುವಾಗ ಹಿತ್ತಲ ದಾರಿ ಬಿಟ್ಟಿದ್ದಾಳೆ. ಹಿಟ್ಟಿನ ಗಿರಣಿಯ ಮೂಲೆಯಿಂದಲೇ "ನಾನು ಕಣೇ, ಬತ್ತಾ ಇದೀನಿ" ಎಂದು ಕೂಗುತ್ತಾಳೆ. ಜೀನ್ಸ್ ಹೊಲಿಯುವವರ ಶೆಡ್ಡಿನ ಹತ್ತಿರ ಇನ್ನೊಂದು ಸಲ, "ನಾನೇ, ಬೇರೆ ಯಾರಲ್ಲ." ಹೊಲಿಯುವ ಹುಡುಗರು ಮಷೀನು ನಿಲ್ಲಿಸಿ ನಗುತ್ತಾರೆ. ಹಾಗೆ ಕೂಗುತ್ತಾ ಕೂಗುತ್ತಾ ನಮ್ಮ ಮುಂಬಾಗಿಲಿಗೆ ಬರುತ್ತಾಳೆ.

ಕಿಟಕಿಯ ಸಂದಿಯಿಂದ ನೋಡುತ್ತೇನೆ. ಮೆಟ್ಟಿಲ ಮೇಲೆ ನಿಂತಿರುತ್ತಾಳೆ. ಮರೆತು ಎಲ್ಲಿ ತಟ್ಟಿಬಿಡುತ್ತೇನೋ ಎಂಬಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಾನು ತೆಗೆಯುವವರೆಗೂ.